ಎದುರಂಗಡಿಯವರ ಕಂಡೆನ್ಸರ್

ಹಳೆಯ ವಾಲ್ವ್ ಆಂಪ್ಲಿಫೈಯರನ್ನು ಬಹಳ ಕಾಲ ಮುಚ್ಚಿಟ್ಟು ಮತ್ತೆ ಹಚ್ಚಿದರೆ ಒಂದು ವಾಸನೆ ಬರುತ್ತದೆ. ಗಾಜಿನ ವಾಲ್ವುಗಳು ಮೆಲ್ಲಗೆ ಕೆಂಪಾಗುವಾಗ ಅವುಗಳ ಮೇಲೆ ಕೂತ ಧೂಳು ಸುಡುವ ವಾಸನೆ. ಕಳೆದ ತಿಂಗಳು ಪುತ್ತೂರಿನ ನನ್ನ ರಿಪೇರಿ ಅಂಗಡಿಯಲ್ಲಿ ಅದು ಮೂಗಿಗೆ ಬಡಿದದ್ದೇ ತಡ, ಎದುರಂಗಡಿಯವರ ನೆನಪಾಯಿತು. ನೆನಪಿನ ಹಿಂದೆಯೇ ಹೊಟ್ಟೆಯೊಳಗಿನ ಹಳೇ ಉರಿಯೂ ಎದ್ದು ಕೂತಿತು.

ಎದುರಂಗಡಿಯವರು ಎಂದು ಈಗ ಮರ್ಯಾದೆಯಿಂದ ಬರೆಯುತ್ತಿದ್ದೇನೆ. ಆಗೆಲ್ಲ ಎದುರು ಸಿಕ್ಕಿದರೆ "ಎಂತ, ಊಟ ಆಯ್ತಾ?" ಎಂದು ಹಲ್ಲು ಕಿರಿದು, ಮನೆಗೆ ಹೋಗಿ "ಆ ಎದುರಂಗಡಿಯವ" ಎನ್ನುತ್ತಿದ್ದೆ. ಕಲ್ಲುಗುಂಡಿ ಕಡೆಯವರು. ನಾನು ಅಂಗಡಿ ಇಟ್ಟು ಆರು ವರ್ಷವಾದ ಮೇಲೆ ರಸ್ತೆಯ ಆಚೆ ಬದಿಯಲ್ಲಿ, ಸರಿಯಾಗಿ ನನ್ನ ಬಾಗಿಲಿಗೆ ಮುಖಮಾಡಿ ಬಂದು ಕೂತರು. ಇಡೀ ಪುತ್ತೂರಿನಲ್ಲಿ ಅವರಿಗೆ ಬೇರೆ ಜಾಗವೇ ಸಿಗಲಿಲ್ಲವೇ! ಒಂದು ಮೇಜು, ಒಂದು ಸೋಲ್ಡರಿಂಗ್ ಐರನ್, ಒಂದು ಹಳೇ ಮೀಟರು, ಅಷ್ಟೇ. ಬೋರ್ಡು ಕೂಡ ಇಲ್ಲ. ನನ್ನಲ್ಲಿ ಎರಡು ಮೀಟರು, ಗಾಜಿನ ಕಪಾಟು, ಬಣ್ಣದ ಬೋರ್ಡು ಎಲ್ಲ ಇತ್ತು. ಆದರೂ ಗುಂಡ್ಯದ ಹೋಟೆಲಿನ ರೇಡಿಯೋ, ಸುಳ್ಯದ ಮೈಕ್ ಸೆಟ್ಟಿನವರ ಆಂಪ್ಲಿಫೈಯರ್, ಕಡಬದ ಯಾರದೋ ಟೇಪ್ ರೆಕಾರ್ಡರ್… ಎಲ್ಲವೂ ಬಸ್ಸಿನಿಂದಿಳಿದು ನನ್ನ ಕಣ್ಣೆದುರೇ ರಸ್ತೆ ದಾಟುತ್ತಿದ್ದವು. ಕೆಲವರಂತೂ ಅವರ ಅಂಗಡಿ ಯಾವುದೆಂದು ನನ್ನ ಹತ್ತಿರವೇ ಬಂದು ಕೇಳುತ್ತಿದ್ದರು. ನಾನು ಕೈ ತೋರಿಸುತ್ತಿದ್ದೆ, ಮತ್ತೆಂತ ಮಾಡುವುದು?

ಒಂದು ದಿನ ಮಧ್ಯಾಹ್ನ ಬುತ್ತಿ ತಂದ ನನ್ನ ಹೆಂಡತಿ ಬಾಗಿಲಲ್ಲೇ ನಿಂತು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. "ಹೀಗೆ ಆಚೆ ನೋಡಿಕೊಂಡೇ ಸೋಲ್ಡರ್ ಮಾಡಿದ್ರೆ ಒಂದು ದಿವಸ ನಿಮ್ಮ ಬೆರಳನ್ನೇ ಸೆಟ್ಟಿಗೆ ಅಂಟಿಸ್ತೀರಿ ಮಾರಾಯ್ರೆ" ಅಂದಳು. ನನಗೆ ಆ ದಿನ ಅನ್ನ ಸೇರಲಿಲ್ಲ.

ಎದುರಂಗಡಿಯವರ ಕಿವಿಯ ಮೇಲೆ ನನಗೆ ಹೆಚ್ಚು ಕಿಚ್ಚು. ವಾಲ್ವ್ ಸೆಟ್ಟಿನಲ್ಲಿ ಫಿಲ್ಟರ್ ಕಂಡೆನ್ಸರ್ ಎಂದು ಒಂದಿರುತ್ತದೆ. ಸೆಟ್ಟಿನ ನೆತ್ತಿಯ ಮೇಲೆ ನೆಟ್ಟಗೆ ನಿಂತ, ಹೆಬ್ಬೆರಳಿಗಿಂತ ದಪ್ಪದ ಅಲ್ಯೂಮಿನಿಯಂ ಡಬ್ಬಿ. ಕರೆಂಟನ್ನು ಸೋಸುವುದು ಅದರ ಕೆಲಸ. ವಯಸ್ಸಾದಂತೆ ಒಳಗಿನ ಪಸೆ ಒಣಗಿ, ಸೋಸುವ ಶಕ್ತಿ ಹೋಗಿ, ಹಾಡಿನ ಅಡಿಯಿಂದ ಗುಂಯ್ ಎಂಬ ಸದ್ದು ಏಳುತ್ತದೆ. ನಾನು ಮೀಟರು ಹಿಡಿದು ಅರ್ಧ ದಿನ ಹುಡುಕುತ್ತಿದ್ದುದನ್ನು ಅವರು ಕಣ್ಣು ಮುಚ್ಚಿ ಕೇಳಿಯೇ ಹೇಳುತ್ತಿದ್ದರು. ನಾನೂ ಬಾಗಿಲು ಎಳೆದುಕೊಂಡು ಒಂದೆರಡು ಸಲ ಕಣ್ಣು ಮುಚ್ಚಿ ನೋಡಿದ್ದುಂಟು. ನಿದ್ದೆ ಬಂತು.

ಸವಣೂರಿನ ಹೆಡ್ಮಾಷ್ಟ್ರು ಮಾತ್ರ ಮೊದಲಿನಿಂದಲೂ ನನ್ನ ಗಿರಾಕಿ. ಅವರಲ್ಲಿ ಒಂದು ಸ್ಟೀರಿಯೋ ವಾಲ್ವ್ ಆಂಪ್ಲಿಫೈಯರ್ ಇತ್ತು. ಈ ಕಡೆ ಅಂಥದ್ದು ಇನ್ನೊಂದು ಇರಲಿಲ್ಲ. ಅದರಲ್ಲಿ ಗುಂಯ್ ಶುರುವಾದಾಗ ನೇರ ನನ್ನಲ್ಲಿಗೇ ತಂದರು. ಕಂಡೆನ್ಸರ್ ಬದಲಿಸಬೇಕು, ಆ ನಮೂನೆಯ ಡಬ್ಬಿ ಈಗ ಸಿಗುವುದಿಲ್ಲ, ಹಳೆಯದನ್ನು ಕಿತ್ತು ಹೊಸದನ್ನು ಪಕ್ಕದಲ್ಲಿ ತಂತಿ ಕಟ್ಟಿ ಕೂರಿಸಬೇಕು ಎಂದೆ.

"ಅದರ ಮೋರೆ ಹಾಳಾಗ್ತದಲ್ಲ?" ಎಂದು ಮಾಷ್ಟ್ರು ಮುಖ ಸಣ್ಣದು ಮಾಡಿದರು. ಸೆಟ್ಟನ್ನು ಎತ್ತಿಕೊಂಡು ಹೊರಟರು. ಅವರೂ ರಸ್ತೆ ದಾಟಿದರು…

ಹತ್ತು ದಿನ ಬಿಟ್ಟು ವಾಪಸು ಒಯ್ಯುವಾಗ ನನಗೆ ತೋರಿಸಲೆಂದೇ ಒಳಗೆ ಬಂದರು. "ಸದ್ದು ಪೂರಾ ನಿಂತಿತು. ಹೊಸ ಕಂಡೆನ್ಸರ್ ಹಾಕಿದ್ದಾರಂತೆ. ನೋಡಿದ್ರೆ ಗೊತ್ತೇ ಆಗುದಿಲ್ಲ ಮಾರಾಯ್ರೆ!"

ಒಮ್ಮೆ ಬಿಚ್ಚಿ ನೋಡುತ್ತೇನೆ ಎಂದೆ. ಮೇಲೆ ಅದೇ ಹಳೇ ಡಬ್ಬಿ, ಅದರ ಮೇಲೆ ಅದೇ ಮಾಸಿದ ಅಕ್ಷರಗಳ ಕಾಗದದ ಹೊದಿಕೆ. ಅಡಿ ಮಗುಚಿ ನೋಡಿದೆ, ಅಲ್ಲೂ ಹೊಸದೊಂದು ಇಲ್ಲ. ಆ ಕ್ಷಣ ನನಗಾದ ಖುಷಿಯನ್ನು ಬರೆಯಲು ನಾಚಿಕೆಯಾಗುತ್ತದೆ.

"ಮಾಷ್ಟ್ರೇ, ಇದ್ರಲ್ಲಿ ಹೊಸದು ಎಂತದ್ದೂ ಇಲ್ಲ. ಅದೇ ಹಳೇದು ಉಂಟು."

"ಮತ್ತೆ ಸದ್ದು ನಿಂತದ್ದು ಹೇಗೆ?"

"ಎಲ್ಲಿಯೋ ಒಂದು ತಂತಿ ಸಡಿಲ ಇದ್ದಿರ್ಬೇಕು. ಬಿಗಿ ಮಾಡಿ, ಹೊಸ ಕಂಡೆನ್ಸರ್ ಹಾಕಿದ್ದೇನೆ ಅಂತ ನಿಮ್ಗೆ ಸುಳ್ಳು ಹೇಳಿದ್ದಾರೆ."

ಅಂಥ ಗುಂಯ್ ಸಡಿಲ ತಂತಿಯಿಂದ ಬರುವುದಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ. ಮಾಷ್ಟ್ರು ಸೆಟ್ಟನ್ನು ನನ್ನ ಮೇಜಿನ ಮೇಲೇ ಬಿಟ್ಟು ಆಚೆ ಹೋದರು. ಬಸ್ಸುಗಳ ಗಲಾಟೆಯಲ್ಲಿ ಅವರಿಬ್ಬರ ಮಾತು ನನಗೆ ಕೇಳಿಸಲಿಲ್ಲ. ಕೆಂಪು ಮುಖ ಮಾಡಿಕೊಂಡು ಬಂದವರು ಸೆಟ್ಟನ್ನು ಎತ್ತಿಕೊಂಡು ಸವಣೂರಿನ ಬಸ್ಸು ಹತ್ತಿದರು.

ಸುತ್ತಿನ ಅರ್ಧ ಊರು ಅವರ ಶಿಷ್ಯರು. ಮಾಷ್ಟ್ರು ಒಮ್ಮೆ "ಆ ಜನ ಸರಿ ಇಲ್ಲ" ಎಂದರೆ ಮುಗಿಯಿತು. ಒಬ್ಬೊಬ್ಬರಾಗಿ ರಸ್ತೆ ದಾಟುವುದನ್ನು ಬಿಟ್ಟರು. ನಾನು ಮತ್ತೆ ಬಾಯಿ ಬಿಡಬೇಕಾಗಿಯೇ ಬರಲಿಲ್ಲ. ವರ್ಷ ತುಂಬುವ ಮೊದಲೇ ಎದುರಂಗಡಿಯವರು ಬಾಗಿಲು ಹಾಕಿ ಕಲ್ಲುಗುಂಡಿಗೆ ವಾಪಸಾದರು. ಹೊರಡುವ ದಿನ ನನ್ನ ಬಾಗಿಲಿಗೆ ಬಂದು "ಬರ್ತೇನೆ ಹಾಗಾದ್ರೆ" ಎಂದರು. ನಾನು ಮೀಟರಿನಿಂದ ತಲೆ ಎತ್ತದೆ "ಆಯ್ತು" ಎಂದೆ. ಕಲ್ಲುಗುಂಡಿಯಲ್ಲಿ ಮನೆಗಳ ವೈರಿಂಗ್ ಮಾಡಿಕೊಂಡಿದ್ದರಂತೆ. ನಾಲ್ಕು ವರ್ಷದ ಹಿಂದೆ ತೀರಿಹೋದರೆಂದು ಯಾರೋ ಹೇಳಿದಾಗ "ಅಯ್ಯೋ ಪಾಪ" ಎಂದು ಕೆಲಸ ಮುಂದುವರಿಸಿದೆ.

ಕಳೆದ ತಿಂಗಳು ಬಂದದ್ದು ಅದೇ ಸೆಟ್ಟು. ಎಂಬತ್ತು ದಾಟಿದ ಮಾಷ್ಟ್ರು ಆಟೋದಲ್ಲಿ ಕಳಿಸಿ ಫೋನು ಮಾಡಿದರು: "ಪುನಃ ಗುಂಯ್ ಅಂತದೆ. ಬೇರೆ ಯಾರೂ ಇಲ್ಲ, ನೀವೇ ನೋಡಿ. ಮೋರೆ ಹಾಳು ಮಾಡ್ಬೇಡಿ." ಮಾಡುವುದಿಲ್ಲ ಎಂದೆ, ಧೈರ್ಯದಿಂದಲೇ. ಮೊಬೈಲಿನಲ್ಲಿ ವಿಡಿಯೋ ನೋಡಿ ಈಚೆಗೆ ಒಂದು ವಿದ್ಯೆ ಕಲಿತಿದ್ದೆ. ಹಳೇ ಡಬ್ಬಿಯನ್ನು ಬುಡದಲ್ಲಿ ಕೊಯ್ದು, ಒಳಗಿನದನ್ನು ತೆಗೆದು, ಈಗಿನ ಸಣ್ಣ ಕಂಡೆನ್ಸರುಗಳನ್ನು ಅದರೊಳಗೆ ಕೂರಿಸಿ ಪುನಃ ಅಂಟಿಸುವುದು. ಹೊರಗಿನಿಂದ ನೋಡಿದವರಿಗೆ ಹಳೆಯದೇ. ಪುತ್ತೂರು, ಸುಳ್ಯ, ಕಡಬ ಮೂರರಲ್ಲೂ ಇದು ನನಗೊಬ್ಬನಿಗೇ ಗೊತ್ತಿರುವುದೆಂದು ಹೆಂಡತಿಯ ಮುಂದೆ ಕೊಚ್ಚಿಕೊಂಡಿದ್ದೆ ಕೂಡ.

ಡಬ್ಬಿಯಲ್ಲಿ ಉಳಿದ ಕರೆಂಟನ್ನು ಒಂದು ಬಲ್ಬಿಗೆ ಕೊಟ್ಟು ಖಾಲಿ ಮಾಡಿ, ಸೋಲ್ಡರ್ ಬಿಡಿಸಿ, ಕಾಗದದ ಹೊದಿಕೆಯನ್ನು ಮೆಲ್ಲಗೆ ಜಾರಿಸಿದೆ. ಗರಗಸ ಇಡಬೇಕು, ಅಷ್ಟರಲ್ಲಿ ಬುಡದ ಸುತ್ತ ಕೂದಲೆಳೆಯಂಥ ಒಂದು ಗೆರೆ ಕಂಡಿತು. ಉಗುರಿನಿಂದ ಕೆರೆದರೆ ಅಂಟು. ತಿರುಗಿಸಿದಾಗ ಡಬ್ಬಿ ಎರಡಾಗಿ ಕೈಗೆ ಬಂತು. ಒಳಗೆ ಎರಡು ಸಣ್ಣ ಕಂಡೆನ್ಸರುಗಳು, ಅಲುಗಾಡದಂತೆ ಹತ್ತಿ ನೂಲಿನಲ್ಲಿ ಬಿಗಿದು ಕಟ್ಟಿದವು. ಆಗ ಹೊಸದಾಗಿದ್ದವು. ಈಗ ಅವಕ್ಕೂ ವಯಸ್ಸಾಗಿತ್ತು.

ಸುಳ್ಳು ಹೇಳುವುದಿಲ್ಲ, ಮೊದಲು ಬಂದದ್ದು ಹೊಟ್ಟೆಕಿಚ್ಚೇ. ವಿಡಿಯೋ ಇಲ್ಲದ ಕಾಲದಲ್ಲಿ, ಯಾರೂ ಹೇಳಿಕೊಡದೆ, ಇಷ್ಟು ನೆಟ್ಟಗೆ ಕೊಯ್ಯಲು ಆ ಮನುಷ್ಯನಿಗೆ ಹೇಗಾಯಿತು! ಕೈ ಪಳಗಲೆಂದು ನಾನು ಕೊಯ್ದ ಮೂರು ಡಬ್ಬಿಗಳೂ ಹಲ್ಲು ಹಲ್ಲಾಗಿ ಹಾಳಾಗಿದ್ದವು. ನಾಚಿಕೆ ಬಂದದ್ದು ಆಮೇಲೆ. ಬಂದದ್ದು ಹೋಗಲಿಲ್ಲ.

ಹೊಸದನ್ನು ಹಾಕಿ ಸುಮ್ಮನೆ ಮುಚ್ಚಿಬಿಡಬಹುದಿತ್ತು, ಕೇಳುವವರು ಯಾರು? ಎರಡು ದಿನ ಆ ಡಬ್ಬಿ ಮೇಜಿನ ಮೇಲೆ ಹಾಗೆಯೇ ಬಿದ್ದಿತ್ತು. ಹೆಂಡತಿ ಅದನ್ನು ಎತ್ತಿ ಒಳಗೆ ಇಣುಕಿ "ಮಾಷ್ಟ್ರಿಗೆ ಹೇಳಿದ್ರಾ?" ಎಂದಳು. ಅಂದು ಸಂಜೆ ಫೋನು ಮಾಡಿದೆ. ಎದುರಂಗಡಿಯವರು ಅಂದು ಹೊಸದನ್ನೇ ಹಾಕಿದ್ದರು, ತಪ್ಪು ಹೇಳಿದ್ದು ನಾನು ಎಂದೆ.

"ಅವರು ಅವತ್ತು ಹೇಳಿದ್ರು," ಅಂದರು ಮಾಷ್ಟ್ರು. "'ಕೂತ್ಕೊಳ್ಳಿ ಮಾಷ್ಟ್ರೇ, ನಿಮ್ಮೆದುರೇ ಡಬ್ಬಿ ಬಿಚ್ಚಿ ತೋರಿಸ್ತೇನೆ' ಅಂತ. ನಾನೇ ಬೇಡ ಅಂದೆ."

"ಯಾಕೆ ಬೇಡ ಅಂದ್ರಿ ಮಾಷ್ಟ್ರೇ?"

"ಎಂತಕ್ಕೆ ನೋಡುದು? ನೀವು ನೋಡಿ ಹೇಳಿದ್ರಲ್ಲ."

ಆ ಹಳೇ ಡಬ್ಬಿಯಲ್ಲೇ ಹೊಸ ಕಂಡೆನ್ಸರುಗಳನ್ನು ಕೂರಿಸಿದೆ. ಗುಂಯ್ ನಿಂತಿತು. ಕಾಗದದ ಹೊದಿಕೆಯನ್ನು ಮಾತ್ರ ಮತ್ತೆ ಹಾಕಲಿಲ್ಲ. ಮೋರೆ ಹಾಳಾದರೂ ಸರಿ, ಎದುರಂಗಡಿಯವರು ಕೊಯ್ದ ಗೆರೆ ಕಾಣಲಿ ಎಂದು ಹಾಗೆಯೇ ಆಟೋದಲ್ಲಿ ಕಳಿಸಿದೆ. ಮಾಷ್ಟ್ರು ಈ ತನಕ ಫೋನು ಮಾಡಿಲ್ಲ…