ಅಗಸಿಯ ಚೀಟಿ, ಊರತುಂಬ ಬೀಗರು

ನಮ್ಮ ಮನೆತನದಲ್ಲಿ ನನಗಿಂತ ಮುಂಚೆ ಏಳನೆಯ ಇಯತ್ತೆ ದಾಟಿದವರಿಲ್ಲ. ಗೋಕಾಕದ ಕಾಲೇಜಿಗೆ ಮೂರು ವರ್ಷ ಸೈಕಲ್ ತುಳಿದೆ, ಇಂಗ್ಲಿಷ್ ಪರೀಕ್ಷೆಗೆ ಮೂರು ಸಲ ಕೂತೆ. ಮುಚ್ಚಿಟ್ಟುಕೊಳ್ಳುವಂಥದ್ದೇನೂ ಅದರಲ್ಲಿಲ್ಲ. ಬಿ.ಎ. ಸರ್ಟಿಫಿಕೇಟು ಕೈಗೆ ಬಂದಾಗ ಅಪ್ಪ ಅದಕ್ಕೆ ಕಟ್ಟು ಹಾಕಿಸಿ ದೇವರ ಜಗಲಿಯ ಮೇಲಿಟ್ಟ. ಅವ್ವ ದಿನಾ ದೇವರಿಗೆ ವಿಭೂತಿ ಹಚ್ಚುವಾಗ ಅದರ ಗಾಜಿಗೂ ಮೂರು ಬೆರಳು ಎಳೆಯುತ್ತಿದ್ದಳು. ವರ್ಷ ತುಂಬುವುದರೊಳಗೆ ನನ್ನ ಹೆಸರೇ ಕಾಣದಂತಾಯಿತು.

ಆ ಒಂದು ವರ್ಷ ನನಗೆ ಕೆಲಸವಿರಲಿಲ್ಲ. ಕಟ್ಟೆಯ ಮೇಲೆ ಕುಳಿತವರು ನಾನು ಹಾದುಹೋದಾಗಲೆಲ್ಲ, ಸಾಹೇಬರು ಇವತ್ತು ಯಾವ ಕಚೇರಿಗೆ ಹೊರಟರು ಎಂದು ಕೇಳುತ್ತಿದ್ದರು. ಅಪ್ಪ ಮಾತ್ರ ಅವರ ಮುಂದೆ, ಆರ್ಡರ್ ಇನ್ನೇನು ಬರಬೇಕು ಎನ್ನುತ್ತಿದ್ದ. ಯಾರ ಆರ್ಡರ್, ಎಲ್ಲಿಂದ ಎಂಬುದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ನಮ್ಮದು ಹಳೆಯ ಕೋಟೆಯ ಊರು. ಒಳಗೆ ಬರಬೇಕಾದರೆ ಕಲ್ಲಿನ ಅಗಸಿ, ಅಂದರೆ ಊರ ಹೆಬ್ಬಾಗಿಲು, ಅದೊಂದೇ ದಾರಿ. ಒಳಗೆ ಒಂದು ಬಸದಿ, ಒಂದು ಹಳೆಯ ಗುಡಿ, ಗುಡಿಯ ಹಿಂದೆ ಮಳೆಗಾಲದಲ್ಲಿ ಬಂಡೆಯ ಮೇಲಿಂದ ಧುಮುಕುವ ಹಳ್ಳ. ನಮಗೆ ಅದು ಬರೀ ಹಳ್ಳ. ತೊಂಬತ್ತರ ದಶಕದ ನಡುವೆ, ಗೋಕಾಕದ ಫಾಲ್ಸ್ ನೋಡಲು ಬಂದ ಮಂದಿ ಇದೂ ಒಂದು ಫಾಲ್ಸ್ ಎಂದು ಕಂಡುಹಿಡಿದರು. ಅಲ್ಲಿಂದ ಶುರುವಾಯಿತು. ಆಷಾಢ, ಶ್ರಾವಣದ ಭಾನುವಾರ ಬಂತೆಂದರೆ ಬೆಳಗಾವಿ, ನಿಪ್ಪಾಣಿ, ಕೊಲ್ಲಾಪುರದ ಟೆಂಪೊಗಳು ಅಗಸಿಯಲ್ಲಿ ಸಿಕ್ಕಿಬೀಳುತ್ತಿದ್ದವು. ಹೊಲಕ್ಕೆ ಹೊರಟ ಚಕ್ಕಡಿ ಹೊಲ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು. ನಮ್ಮ ಮನೆಯ ಎಮ್ಮೆಯ ಬಾಜೂ ನಿಂತು ಫೋಟೊ ತೆಗೆಸಿಕೊಂಡವರು ಎಷ್ಟೋ ಮಂದಿ.

ಪಂಚಾಯಿತಿಯವರು ಸಭೆ ಕೂಡಿಸಿ ತೀರ್ಮಾನ ಮಾಡಿದರು. ಒಂದು ದಿನದ ಮಟ್ಟಿಗೆ ಬಂದುಹೋಗುವ ಹೊರಗಿನವರಿಗೆ ತಲೆಗೆ ಎರಡು ರೂಪಾಯಿ ಚೀಟಿ. ರೊಕ್ಕ ಕೇಳಿದರೆ ಅರ್ಧ ಮಂದಿ ತಿರುಗಿ ಹೋಗುತ್ತಾರೆ ಎಂಬುದು ಅಧ್ಯಕ್ಷರ ಲೆಕ್ಕಾಚಾರ. ಚೀಟಿ ಹರಿಯಲು ಓದಿದವನೊಬ್ಬ ಬೇಕಿತ್ತು. ಅಧ್ಯಕ್ಷರು ನನ್ನನ್ನು ಕರೆಸಿ ಹೇಳಿದರು:

"ದಸರಾದೊಳಗ ಮಂದಿ ಕಡಿಮಿ ಆಗಬೇಕು ತಮ್ಮಾ. ಆದ್ರ ಪಂಚಾಯ್ತಿ ಕ್ಲಾರ್ಕ್ ನೀನ. ಆಗಲಿಲ್ಲಂದ್ರ ನಿನ್ನ ಸೈಕಲ್ ನಿನಗ."

ಅಪ್ಪ ಅವತ್ತೇ ಕಟ್ಟೆಗೆ ಹೋಗಿ ಆರ್ಡರ್ ಬಂತೆಂದು ಹೇಳಿದ. ಈಗ ನಾನು ಹಿಂದೆ ಸರಿಯುವಂತಿರಲಿಲ್ಲ.

ಸಭೆಯಲ್ಲಿ ಹಿರಿಯರೊಬ್ಬರು ಒಂದು ತಕರಾರು ಎತ್ತಿದ್ದರು. ಊರವರಿಗೆ ಚೀಟಿ ಬೇಡ, ಸರಿ. ಬೀಗರ ಗತಿ ಏನು? ಮಗಳನ್ನು ನೋಡಲು ಬಂದ ಅಪ್ಪನ ಹತ್ತಿರ ಅಗಸಿಯಲ್ಲಿ ಎರಡು ರೂಪಾಯಿ ಕೇಳಿದರೆ ನಾಳೆ ಈ ಊರಿಗೆ ಹೆಣ್ಣು ಕೊಡುವವರು ಯಾರು? ಎಲ್ಲರೂ ಹೌದೆಂದರು. ಹಾಗಾಗಿ ನಾನು ಬಣ್ಣ ತಂದು ನನ್ನ ದುಂಡಗಿನ ಅಕ್ಷರದಲ್ಲಿ ಬೋರ್ಡು ಬರೆದೆ: "ಹೊರಗಿನವರಿಗೆ ಪ್ರವೇಶ ಶುಲ್ಕ ಉಂಟು. ಊರಿನ ಬೀಗರಿಗೆ ಇಲ್ಲ." ಬೀಗರು ಯಾರ ಮನೆಗೆ ಬಂದಿದ್ದಾರೆಂದು ಬರೆದುಕೊಳ್ಳಲು ಒಂದು ಉದ್ದನೆಯ ರಿಜಿಸ್ಟರು ಇಟ್ಟೆ.

ಮೊದಲ ಭಾನುವಾರ ಅಗಸಿಯ ಕೆಳಗೆ ಟೇಬಲ್ ಹಾಕಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಕುಳಿತೆ. ಮೊದಲ ಟೆಂಪೊ ಬಂತು. ಇಳಿದವರು ಬೋರ್ಡು ಓದಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ನಾವು ಬೀಗರು ಎಂದರು. ಯಾರ ಮನೆಯವರೆಂದು ಕೇಳಿದೆ. ದೊಡ್ಡಮನೆಯವರು ಎಂದರು. ದೊಡ್ಡಮನೆ ಇಲ್ಲದ ಊರು ನಮ್ಮ ಕಡೆ ಎಲ್ಲಿದೆ? ಬರೆದುಕೊಂಡೆ. ಎರಡನೆಯ ಟೆಂಪೊದವರೂ ದೊಡ್ಡಮನೆಯ ಬೀಗರೇ. ಮೂರನೆಯದು ಕೊಲ್ಲಾಪುರದ್ದು. ಅದರಲ್ಲಿದ್ದ ಹುಡುಗರಿಗೆ ಕನ್ನಡವೇ ಬರುತ್ತಿರಲಿಲ್ಲ. ಅವರೂ ಎದೆ ತಟ್ಟಿಕೊಂಡು ಮರಾಠಿಯಲ್ಲಿ ಪಾವಣೆ, ಅಂದರೆ ಬೀಗರು, ಎಂದರು.

ಅಗಸಿಯ ಹೊರಗೆ ಒಂದು ಚಹಾದ ಅಂಗಡಿಯಿತ್ತು. ಅಂಗಡಿಯ ಕಾಕಾ ಹತ್ತು ಗಂಟೆಯ ಹೊತ್ತಿಗೆ ವ್ಯಾಪಾರದ ಗುಟ್ಟು ಹಿಡಿದಿದ್ದ. ಅವನಲ್ಲಿ ಚಹಾ ಕುಡಿದವರಿಗೆ ಊರಿನ ಒಂದು ಮನೆಯ ಹೆಸರು ಪುಕ್ಕಟೆ. ಹುಣಸಿಗಿಡದ ಮನೆ, ಗಿರಣಿಯವರ ಮನೆ, ಅಟ್ಟದ ಮನೆ ಎಂದು ಜನ ಬಾಯಿಪಾಠ ಮಾಡುತ್ತ ನನ್ನ ಟೇಬಲಿಗೆ ಬರುತ್ತಿದ್ದರು. ನಾನು ಕಾಕಾನನ್ನು ಗದರಿಸಿದೆ. ಅವನು ತಣ್ಣಗೆ ಹೇಳಿದ:

"ಬೀಗರಲ್ಲಂತ ನಿನ್ನ ಬಿ.ಎ.ದಾಗ ಹೆಂಗ ಗೊತ್ತಾಗತೈತಿ? ನಿಮ್ಮಪ್ಪಗ ಎಷ್ಟ ಮಂದಿ ಬೀಗರದಾರ, ನಿನಗರ ಗೊತ್ತೈತೇನು?"

ಗೊತ್ತಿರಲಿಲ್ಲ. ನಮ್ಮ ಕಡೆ ಮೂರು ತಲೆಮಾರು ಹಿಂದೆ ಹೋದರೆ ಮೂಡಲಗಿಯಿಂದ ಹುಕ್ಕೇರಿಯವರೆಗೆ ಎಲ್ಲರೂ ಎಲ್ಲರಿಗೂ ಏನಾದರೊಂದು ಆಗುತ್ತಾರೆ. ಆ ದಿನ ಸಂಜೆ ಚೀಟಿಯ ಪುಸ್ತಕ ಹೊಸದಾಗಿಯೇ ಇತ್ತು. ಒಂದು ಹಾಳೆಯೂ ಹರಿದಿರಲಿಲ್ಲ.

ಮನೆಗೆ ಬಂದು ಅವ್ವನ ಮುಂದೆ ರಿಜಿಸ್ಟರು ಓದಿದೆ. ಓದು ಬರೆಹ ಇಲ್ಲದ ಅವಳಿಗೆ ನಾನು ಏನನ್ನು ಓದಿದರೂ ಖುಷಿ. ನಮ್ಮ ಮನೆಯ ಹೆಸರಿನಲ್ಲಿ ಬರೆಸಿದ ಹದಿನಾಲ್ಕು ಮಂದಿಯ ಹೆಸರು ಬಂದಾಗ ಅವಳ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು.

"ಹದಿನಾಲ್ಕ ಮಂದಿ ಬೀಗರು ಅಗಸಿತನಾ ಬಂದು ಒಂದ ತಂಬಿಗಿ ನೀರ ಕುಡೀಲಾರದ ಹ್ವಾದ್ರ?"

ಅವರು ಸುಳ್ಳು ಹೇಳಿದ್ದಾರೆ ಎಂದೆ.

"ಸುಳ್ಳರ ಹೇಳಲಿ, ಖರೆ ಅರ ಹೇಳಲಿ. ನಮ್ಮ ಮನಿ ಹೆಸರ ಹೇಳ್ಯಾರಿಲ್ಲೋ? ಉಪಾಸ ಹ್ವಾದ್ರ ಹೆಸರ ಕೆಡೂದು ನಮ್ದ."

ಅವಳು ತಡಮಾಡಲಿಲ್ಲ. ನೀರು ತರಲು ಹೋದಲ್ಲಿ, ಕಸೂತಿ ಹಾಕುವಲ್ಲಿ, ಗಿರಣಿಯಲ್ಲಿ, ಎಲ್ಲ ಕಡೆ ಸುದ್ದಿ ಮುಟ್ಟಿಸಿದಳು. ಮುಂದಿನ ಭಾನುವಾರ ನಾನು ಟೇಬಲ್ ಹಾಕುವಷ್ಟರಲ್ಲಿ ಅಗಸಿಯ ಎರಡೂ ಕಟ್ಟೆಗಳ ಮೇಲೆ ಊರಿನ ಹೆಂಗಸರು ಸೆರಗು ಹೊದ್ದು ಸಾಲಾಗಿ ಕುಳಿತಿದ್ದರು. ಬಂದವರು ಅಟ್ಟದ ಮನೆ ಎಂದು ಬಾಯಿ ಬಿಡುವುದೇ ತಡ, ಅಟ್ಟದ ಮನೆಯ ಅತ್ತೆ ಎದ್ದು ಕೈ ಹಿಡಿಯುತ್ತಿದ್ದಳು. ಬರ್ರಿ, ಯಾವಾಗ ಬಂದ್ರಿ, ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ರಿ?

ಮೊದಲು ಬೆಲ್ಲ, ನೀರು. ಆಮೇಲೆ ಊಟ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಕಾಳು ಪಲ್ಯ. ಬಸದಿಯ ಓಣಿಯ ಜೈನರ ಮನೆಗಳಲ್ಲಿ ತುಪ್ಪ ಸಡಿಲ ಕೈಯಿಂದ ಬೀಳುತ್ತಿತ್ತು. ಬೀಗರು ಸಾಕೆಂದರೆ ನಮ್ಮಲ್ಲಿ ಯಾರೂ ನಂಬುವುದಿಲ್ಲ. ಸಾಕೆಂದ ಮೇಲೆ ಎರಡು ರೊಟ್ಟಿ ಹಾಕುವುದು ಪದ್ಧತಿ. ಕೊಲ್ಲಾಪುರದ ಹುಡುಗರು ಕನ್ನಡ ಬಾರದ್ದರಿಂದ ಸಾಕು ಅನ್ನಲೂ ಆಗದೆ ತಿನ್ನುತ್ತಲೇ ಇದ್ದರಂತೆ.

ಊಟ ಮುಗಿದ ಮೇಲೆ ನಿಜವಾದ ಪರೀಕ್ಷೆ. ನೀವು ಯಾರ ಪೈಕಿ? ನಿಮ್ಮ ತಾಯಿಯ ತವರು ಯಾವುದು? ಘೋಡಗೇರಿಯಲ್ಲಿ ನಿಮಗೆ ಯಾರಿದ್ದಾರೆ? ಜೊತೆಗಿರುವ ಹುಡುಗನಿಗೆ ಮದುವೆ ಆಗಿದೆಯೋ ಇಲ್ಲವೋ? ಇಲ್ಲ ಎಂದರೆ ಮೊಮ್ಮಗಳ ಫೋಟೊ ಒಳಗಿನಿಂದ ಬರುತ್ತಿತ್ತು. ಆಗಿದೆ ಎಂದರೆ ಹೊಲ ನೋಡಿಕೊಂಡು ಹೋಗಿರೆಂದು ಅಪ್ಪನಂಥವರು ಎರೆಮಣ್ಣಿನಲ್ಲಿ ನಡೆಸುತ್ತಿದ್ದರು. ಅಗಸಿಯ ಹೊರಗೆ ಟೆಂಪೊ ಡ್ರೈವರುಗಳು ಹಾರ್ನ್ ಬಾರಿಸಿ ಬಾರಿಸಿ ದಣಿದರು. ಸಂಜೆ ಒಬ್ಬೊಬ್ಬರೇ ಹೊಟ್ಟೆ ಹಿಡಿದುಕೊಂಡು, ಚಪ್ಪಲಿಗೆ ಸೇರು ಸೇರು ಮಣ್ಣು ಅಂಟಿಸಿಕೊಂಡು ಬಂದು ಗಾಡಿ ಹತ್ತಿದರು. ಹಳ್ಳವನ್ನು ಒಬ್ಬರೂ ನೋಡಿರಲಿಲ್ಲ.

ನಾಲ್ಕನೆಯ ಭಾನುವಾರಕ್ಕೆ ಟೆಂಪೊಗಳು ಬೆರಳೆಣಿಕೆಗೆ ಬಂದವು. ಆ ಊರಿಗೆ ಹೋದರೆ ಬಿಡುವುದಿಲ್ಲ ಎಂಬ ಸುದ್ದಿ ನಿಪ್ಪಾಣಿಯವರೆಗೆ ಹಬ್ಬಿತ್ತು. ಚಹಾದ ಕಾಕಾ ನನ್ನನ್ನು ನೋಡಿ ಮುಖ ತಿರುಗಿಸುತ್ತಿದ್ದ. ನಾನು ಮಾತ್ರ ಕ್ಲಾರ್ಕಿನ ಕುರ್ಚಿಯಲ್ಲಿ ಆಗಲೇ ಅರ್ಧ ಕುಳಿತಿದ್ದೆ. ಅಪ್ಪ ಹುಕ್ಕೇರಿ ಸಂತೆಯಿಂದ ನನಗೆ ಎರಡು ಪೆನ್ನು ತಂದಿದ್ದ, ಒಂದು ಕೆಂಪು.

ದಸರೆಗೆ ಎರಡು ವಾರ ಇರುವಾಗ ಒಂದು ಮಧ್ಯಾಹ್ನ, ಹೆಂಗಸರು ಊಟಕ್ಕೆ ಹೋದ ಹೊತ್ತಿನಲ್ಲಿ, ಸ್ಕೂಟರ್ ಮೇಲೆ ಒಬ್ಬರು ಬಂದರು. ಕಪ್ಪು ಕನ್ನಡಕ, ಹಿಂದೆ ಒಬ್ಬ ಗೆಳೆಯ. ಬೀಗರೇನ್ರಿ ಎಂದು ಕೇಳಿದೆ. ಅವರು ಓಣಿಯ ಕಡೆಗೊಮ್ಮೆ ಕತ್ತು ಹಾಕಿ ನೋಡಿ, ದನಿ ತಗ್ಗಿಸಿ ಹೇಳಿದರು:

"ಅಲ್ರಿ. ಈ ಊರಾಗ ನಮಗ ಯಾರೂ ಇಲ್ಲ. ಲಗೂನ ಎರಡ ಚೀಟಿ ಹರೀರಿ."

ಇಡೀ ಮಳೆಗಾಲದಲ್ಲಿ ಮೊದಲ ಚೀಟಿ. ಕೆಂಪು ಪೆನ್ನಿನಿಂದಲೇ ಸಹಿ ಮಾಡಿ ಕೊಟ್ಟೆ. ಅವರು ಹಳ್ಳ ನೋಡಿದರು, ಫೋಟೊ ತೆಗೆದುಕೊಂಡರು, ಅರ್ಧ ತಾಸಿನಲ್ಲಿ ಹೊರಟೂ ಹೋದರು. ಕಾನೂನು ಪಾಲಿಸುವವರು ಲೋಕದಲ್ಲಿ ಇನ್ನೂ ಇದ್ದಾರೆಂದು ಆ ರಾತ್ರಿ ಮನೆಯಲ್ಲಿ ಹೇಳಿಕೊಂಡೆ.

ಮರುದಿನ ಅಧ್ಯಕ್ಷರು ಕರೆಸಿದರು. ಅವರ ಮುಂದೆ ಆ ಎರಡು ಚೀಟಿಗಳಿದ್ದವು. ಸ್ಕೂಟರ್ ನಡೆಸಿದವರು ಮೂಡಲಗಿಯವರು, ಅಧ್ಯಕ್ಷರ ಹೊಸ ಅಳಿಯ. ಮದುವೆ ಮೂಡಲಗಿಯಲ್ಲೇ ಆಗಿದ್ದರಿಂದ ಅವರ ಮುಖ ನಾನು ನೋಡಿರಲಿಲ್ಲ. ಅತ್ತೆಯ ಮನೆಗೆ ಹೋದರೆ ಗೆಳೆಯನಿಗೆ ಹಳ್ಳ ತೋರಿಸಲು ಆಗುವುದಿಲ್ಲವೆಂದು ಕಳ್ಳರ ಹಾಗೆ ಬಂದು ಹೋಗಿದ್ದರು. ಚೀಟಿ ಅವರ ಅಂಗಿಯ ಕಿಸೆಯಲ್ಲಿ ಹೆಂಡತಿಗೆ ಸಿಕ್ಕಿತು. ಅವಳು ಅಳುತ್ತ ತವರಿಗೆ ಬಂದಿದ್ದಳು. ಅಧ್ಯಕ್ಷರ ಹೆಂಡತಿ ಒಳಗಿನಿಂದಲೇ, ನನಗೆ ಕೇಳುವಂತೆ, ಪಾತ್ರೆ ಕುಕ್ಕುತ್ತಿದ್ದಳು.

"ಹತ್ತ ಊರಿನ ಪರದೇಶಿಗೋಳ್ನ ಬೀಗರಂತ ಬರಕೊಂಡಿ. ಖರೆ ಅಳಿಯಾ ಬಂದ್ರ ಚೀಟಿ ಹರದಿ," ಅಂದರು ಅಧ್ಯಕ್ಷರು.

ಮಂದಿ ಕಡಿಮೆಯಾಗಿದ್ದಾರಲ್ಲ, ಮಾತಿನ ಪ್ರಕಾರ ಕ್ಲಾರ್ಕ್ ಕೆಲಸ ಕೊಡಬೇಕು ಎಂದು ನಾನು ನೇರವಾಗಿ ಕೇಳಿದೆ. ಮಂದಿಯೇ ಬರದಿದ್ದ ಮೇಲೆ ಚೀಟಿ ಹರಿಯುವವನು ಯಾಕೆ, ಕ್ಲಾರ್ಕ್ ಯಾಕೆ ಎಂದರು ಅವರು. ಹಾಗಾದರೆ ಅನುಭವದ ಪ್ರಮಾಣಪತ್ರವನ್ನಾದರೂ ಕೊಡಿ ಎಂದೆ. ಬರೆಯುವವರು ಪಂಚಾಯಿತಿಯಲ್ಲಿ ಬೇರೆ ಇರಲಿಲ್ಲವಾದ್ದರಿಂದ ಅದನ್ನೂ ನಾನೇ ಬರೆದೆ. ಅವರು ಹೇಳಿದ್ದನ್ನು ಅಚ್ಚುಕಟ್ಟಾದ ಕನ್ನಡಕ್ಕೆ ತಿರುಗಿಸಿದೆ: "ಸಾರ್ವಜನಿಕರು ಬಾರದಂತೆ ನೋಡಿಕೊಳ್ಳುವುದರಲ್ಲಿ ಇವರು ಅತ್ಯಂತ ನಿಪುಣರು." ಅವರು ಸಹಿ ಹಾಕಿ ಶಿಕ್ಕಾ ಒತ್ತಿದರು.

ಅಪ್ಪನಿಗೆ ಹೇಳಿದೆ. ಅವನು ಎರಡು ವಾರ ಕಟ್ಟೆಯ ಕಡೆ ಹೋಗದೆ, ಗುಡಿಯ ಹಿಂದಿನಿಂದ ಸುತ್ತು ಹಾಕಿ ಹೊಲಕ್ಕೆ ಹೋದ. ಅದು ನನಗೆ ಬೈಗುಳಕ್ಕಿಂತ ಹೆಚ್ಚು ತಾಗಿತು.

ಹುಕ್ಕೇರಿಯ ಒಂದು ಕಚೇರಿಯಲ್ಲಿ ಗುಮಾಸ್ತ ಬೇಕಾಗಿದ್ದಾನೆಂದು ಕೇಳಿ ಹೋದೆ. ವರಾಂಡದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಅವರನ್ನು ದಾಟಿ ಸಾಹೇಬರ ಕೋಣೆ ಸೇರುವಷ್ಟರಲ್ಲಿ ಇಸ್ತ್ರಿ ಮುದುಡಿತ್ತು. ಸಾಹೇಬರು ನನ್ನ ಡಿಗ್ರಿಯನ್ನು ಬದಿಗಿಟ್ಟು ಪ್ರಮಾಣಪತ್ರವನ್ನು ಎರಡು ಸಲ ಓದಿದರು. ಕಿಟಕಿಯಲ್ಲಿ ತುಂಬಿದ ಮುಖಗಳನ್ನು ನೋಡಿದರು. ಮತ್ತೆ ಕಾಗದ ನೋಡಿದರು.

"ಇದು ಖರೆ ಏನ್ರಿ?"

"ಖರೆ ಐತ್ರಿ, ಸಾಹೇಬ್ರ."

"ಸೋಮವಾರದಿಂದ ಬರ್ರಿ."

ಅಪ್ಪ ಕಟ್ಟೆಗೆ ಹೋಗಿ ಸಂಜೆಯವರೆಗೆ ಕುಳಿತು ಬಂದ. ಅವ್ವ ಮಾತ್ರ ಒಂದೇ ಮಾತು ಕೇಳಿದಳು, ಅಲ್ಲಿ ಬಂದವರಿಗೆ ನೀರು ಕೊಡುತ್ತಾರೋ ಇಲ್ಲವೋ? ನಾನು ಕಂಡಂತೆ ಇಲ್ಲ ಎಂದೆ. ಸೋಮವಾರ ಬೆಳಿಗ್ಗೆ ಅವಳು ಕಟ್ಟಿಕೊಟ್ಟ ಬುತ್ತಿ ಎಂದಿಗಿಂತ ಭಾರವಾಗಿತ್ತು. ಕಚೇರಿಯಲ್ಲಿ ಬಿಚ್ಚಿ ನೋಡಿದರೆ ರೊಟ್ಟಿಯ ಕೆಳಗೆ ಒಂದು ದೊಡ್ಡ ಬೆಲ್ಲದ ಹೆಂಟೆ.

ವರಾಂಡದಲ್ಲಿ ನೀರಿನ ಕೊಡ ಇಟ್ಟು, ತಟ್ಟೆಯಲ್ಲಿ ಬೆಲ್ಲ ಇಟ್ಟೆ. ಮೊದಲ ದಿನ ಬಂದವರು ಎರಡನೆಯ ದಿನ ಬಾಜೂ ಮನೆಯವರನ್ನು ಕರೆದುಕೊಂಡು ಬಂದರು. ಗುರುವಾರದ ಹೊತ್ತಿಗೆ ಸಾಲು ಗೇಟು ದಾಟಿತ್ತು. ಶುಕ್ರವಾರ ಸಾಹೇಬರು ನನ್ನ ಪ್ರಮಾಣಪತ್ರವನ್ನು ಕಪಾಟಿನಿಂದ ತೆಗೆಸಿ, ಕನ್ನಡಕ ಒರೆಸಿಕೊಂಡು, ಮೂರನೆಯ ಸಲ ಓದಿದರು.