ಸತ್ಯಮಂಗಲದವರೆಗೆ ಎಣ್ಣೆಯ ಜಾಡು

ನಾವು ಮನೆ ಬಿಟ್ಟದ್ದು ಸೋಮವಾರ ಬೆಳಿಗ್ಗೆ ಆರೂವರೆಗೆ. ರಾಗಿ ಹೊಲದ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಕಾರನ್ನು ಹಿಂದಕ್ಕೆ ತೆಗೆದು, ಇಳಿದು, ಅದರ ಅಡಿಗೆ ಹಾಸಿದ್ದ ರಟ್ಟನ್ನು ಬಗ್ಗಿ ನೋಡಿದೆ. ಕಾರಿನೊಳಗೆ ಹಾಸಿಗೆಯ ಮೇಲೆ ಮಲಗಿದ್ದ ನನ್ನ ಹೆಂಡತಿ ಮಂಗಳಮ್ಮ, ದಿನಾ ಬೆಳಿಗ್ಗೆ ಕೇಳುವ ಮಾತನ್ನೇ ಕೇಳಿದಳು.

“ಇವತ್ತು ಏಸು ತೊಟ್ಟು ಬಿದ್ದದ?”

“ಎಣ್ಸೋ ಕಾಲ ಓಯ್ತು. ಅಂಗೈ ಅಗಲ ಆಗದ.”

“ನನ್ಗಿಂತ ಮೊದ್ಲು ಅದ್ಕೇ ಡಾಕ್ಟ್ರು ಬೇಕು ಬುಡಿ.”

ಜೀರಹಳ್ಳಿ ಪಕ್ಕದ ನಮ್ಮೂರಲ್ಲಿ ಎರಡು ವರ್ಷದ ಹಿಂದೆ ಮಂಗಳಮ್ಮ ಹುಲ್ಲಿನ ಮೆದೆಯಿಂದ ಬಿದ್ದು ನಡ ಮುರಿದುಕೊಂಡಳು. ಅವತ್ತಿನಿಂದ ಅವಳು ಕೂರುವ ಹಾಗಿಲ್ಲ, ಮಲಗಿಯೇ ಇರಬೇಕು. ಬಸ್ಸಿನಲ್ಲಿ ಮಲಗಲು ಆಗುವುದಿಲ್ಲ. ಬಾಡಿಗೆ ಕಾರಿನವರು ಸೀಟು ಬಿಚ್ಚಲು ಒಪ್ಪುವುದಿಲ್ಲ. ಆಂಬುಲೆನ್ಸ್ ಮಾತು ಎತ್ತಿದರೆ, “ಅದು ಸಾಯೋರ್ಗೆ ಬರೋದು, ಕಾಲು ಆಡ್ಸೋಕೆ ಓಗೋರ್ಗಲ್ಲ” ಅನ್ನುತ್ತಾಳೆ. ಉಳಿದದ್ದು ನಮ್ಮ ಹದಿನೆಂಟು ವರ್ಷದ ಟರ್ಬೊ ಡೀಸೆಲ್ ಕಾರು ಒಂದೇ. ಅದರ ನಡುವಿನ ಸೀಟು, ಹಿಂದಿನ ಸೀಟು ಬಿಚ್ಚಿಸಿ, ಹಲಗೆ ಕೂರಿಸಿ, ಹತ್ತಿಯ ಹಾಸಿಗೆ ಹಾಸಿದ್ದೆ. ಹದಿನೈದು ದಿನಕ್ಕೊಮ್ಮೆ ಸತ್ಯಮಂಗಲದ ವ್ಯಾಯಾಮದ ಡಾಕ್ಟರ ಹತ್ತಿರ ಅವಳು ಹೋಗಿ ಬರುತ್ತಿದ್ದದ್ದು ಹಾಗೆ. ಆ ಕಾರು ಆರು ತಿಂಗಳಿಂದ ಎಣ್ಣೆ ಸೋರುತ್ತಿತ್ತು.

ತಾಳವಾಡಿಯ ಮೆಕ್ಯಾನಿಕ್ ಸಿದ್ದರಾಜು ಎರಡು ಸಲ ಬಿಚ್ಚಿದ್ದ. ಮೊದಲ ಸಲ ಎಂಜಿನ್ ತಳದ ಎಣ್ಣೆ ತಟ್ಟೆಯ ಪ್ಯಾಕಿಂಗ್ ಬದಲಿಸಿದ, ಎರಡನೇ ಸಲ ಹಿಂದುಗಡೆಯ ಸೀಲು. ಎರಡು ಸಲವೂ ವಾರದೊಳಗೆ ರಟ್ಟು ಕಪ್ಪಾಯಿತು. ಕೊನೆಗೆ ಅವನೇ ಕೈಮುಗಿದು, “ಅಣ್ಣ, ಸತ್ಯಮಂಗಲದಲ್ಲಿ ಮುರುಗೇಶಣ್ಣ ಅಂತ ಅವ್ರೆ, ತೋರ್ಸಿ. ನನ್ ಕೈಲಿ ಆಗಕಿಲ್ಲ” ಅಂದ. ಪೇಟೆಯ ಮೆಕ್ಯಾನಿಕ್ ಮುಂದೆ ಕೊಳಕು ಎಂಜಿನ್ ಒಯ್ಯುವುದಕ್ಕೆ ನಾಚಿಕೆಯಾಗಿ, ಭಾನುವಾರ ಸೀಮೆಎಣ್ಣೆ ಹಾಕಿ ಅದನ್ನು ಫಳಫಳ ಒರೆಸಿಟ್ಟಿದ್ದೆ.

ತಾಳವಾಡಿಯಲ್ಲಿ ಒಂದು ಲೀಟರ್ ಎಂಜಿನ್ ಆಯಿಲ್ ತೆಗೆದುಕೊಂಡು ಹೊರಟೆವು. ಸತ್ಯಮಂಗಲಕ್ಕೆ ಅಲ್ಲಿಂದ ಹೆಚ್ಚು ಕಡಿಮೆ ಅರವತ್ತು ಕಿಲೋಮೀಟರು. ಹಾಸನೂರು ದಾಟುವಾಗ ರಸ್ತೆ ಪಕ್ಕ ಆನೆ ಲದ್ದಿ ಹಬೆಯಾಡುತ್ತಿತ್ತು. ಮಂಗಳಮ್ಮ ಮೂಗು ಮೇಲೆತ್ತಿ, “ಒಗ್ಗರಣೆ ಸೀದಂಗೆ ನಾತ ಬತ್ತಾ ಅದ ಕಣ್ರೀ” ಅಂದಳು. ಲದ್ದಿ ಇರಬೇಕು ಅಂದೆ. “ಆನೆ ಒಗ್ಗರಣೆ ಆಕ್ಕೊಂಡು ತಿಂದದಾ?” ಅಂತ ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಬಾನೆಟ್ ಸಂದಿಯಿಂದ ನೀಲಿ ಹೊಗೆಯ ಎಳೆ ಏಳುವುದು ನನಗೂ ಕಂಡಿತ್ತು.

ಎಂಟು ಗಂಟೆಗೆ ಘಾಟಿಯ ನೆತ್ತಿಯ ದಿಂಬಂ ತಲುಪಿದೆವು. ಗಾಡಿ ನಿಲ್ಲುವುದಕ್ಕೂ ಮುಂಚೆಯೇ ಕೀ ತಿರುಗಿಸಿ ಎಂಜಿನ್ ನಿಲ್ಲಿಸಿದೆ. ಇದು ಎರಡು ವರ್ಷದ ಅಭ್ಯಾಸ. ನಿಂತ ಗಾಡಿಯಲ್ಲಿ ಎಂಜಿನ್ ಓಡುತ್ತಿದ್ದರೆ ಆ ಅದುರು ನೇರ ಅವಳ ನಡಕ್ಕೆ ಚುಚ್ಚುತ್ತದೆ. ಅದರಲ್ಲೂ ಸತ್ಯಮಂಗಲದಿಂದ ಬರುವಾಗ ಇಪ್ಪತ್ತೇಳು ತಿರುವು ಏರಿ ಬಂದು ಇಲ್ಲಿ ನಿಂತರೆ ಅವಳ ಮುಖ ಬೆಳ್ಳಗಾಗಿರುತ್ತದೆ. ಕೀ ತಿರುಗಿಸಿದ ತಕ್ಷಣ ಅವಳು ಬಿಡುವ ಉಸಿರು ಕೇಳಿದ ಮೇಲೇ ನಾನು ಚಾ ಹೇಳುತ್ತಿದ್ದದ್ದು.

ಚಾ ಅಂಗಡಿಯ ಬೆಂಚಿನ ಮೇಲೆ ಕೊಳ್ಳೇಗಾಲ ಕಡೆಯ ವಯಸ್ಸಾದ ಲಾರಿ ಡ್ರೈವರೊಬ್ಬರು ಕೂತಿದ್ದರು. ನಾನು ಬಾನೆಟ್ ಎತ್ತಿ ಎಣ್ಣೆ ಅಳೆಯುವ ಕಡ್ಡಿಯನ್ನು ಮೂರು ಸಲ ಒರೆಸಿ ಮೂರು ಸಲ ನೋಡುವುದನ್ನು ಕಂಡು ಎದ್ದು ಬಂದರು.

“ಆ ಕಡ್ಡಿ ಏಸು ಸಲ ನೋಡುದ್ರೂ ಎಣ್ಣ ಏರಕಿಲ್ಲ ಕಣಪ್ಪ. ಎಲ್ಲಿ ಸೋರ್ತದ?”

“ತಳದಲ್ಲಿ.”

“ಅಂಚಿನ ಮನ ಮಳೇಲಿ ಸೋರ್ದಂಗೆ ಅದು. ತೊಟ್ಟಿಕ್ಕೋ ಜಾಗ ನೋಡ್ಬ್ಯಾಡ, ಮ್ಯಾಲ್ಗಡ ಎಲ್ಲಿಂದ ನೆಂದದ ನೋಡು. ಎಂಜಿನ್ ಒರ್ಸಿದ್ದೀಯ, ಒಳ್ಳೇದಾಯ್ತು. ಮೈಮ್ಯಾಲೆ ಪೌಡ್ರು ಎರಚಿ ಘಾಟಿ ಇಳಿ. ಎಲ್ಲಿ ಕಪ್ಪು ಶುರುವಾಗದೋ ಅಲ್ಲೇ ಕಳ್ಳ.”

ಅಂಗಡಿಯಲ್ಲಿ ಪೌಡರ್ ಇರಲಿಲ್ಲ. ಒಳಗಿಂದ ಮಂಗಳಮ್ಮ ಕೂಗಿದಳು. “ನನ್ ಚೀಲದಲ್ಲಿ ಇಬೂತಿ ಗಟ್ಟಿ ಅದ, ಪುಡಿ ಮಾಡ್ಕಳಿ.”

ಜಿಡ್ಡಿನ ಎಂಜಿನ್ನಿಗೆ ವಿಭೂತಿಯೇ ಅಂತ ನಾನು ಅನುಮಾನಿಸಿದೆ.

“ಎರಡ್ ವರ್ಸ ನನ್ನ ಅಣೆಗೆ ಇಕ್ಕುದ್ರೂ ನಡ ನೆಟ್ಟಗಾಗ್ನಿಲ್ಲ. ಅದ್ರ ಅಣೆಗಾದ್ರೂ ಇಕ್ಕಿ. ಶಿವ ಬ್ಯಾಡ ಅನ್ನಕಿಲ್ಲ.”

ಡ್ರೈವರು ಬಾಯ್ತುಂಬ ನಕ್ಕರು. ಇಬ್ಬರೂ ಗಟ್ಟಿಯನ್ನು ಕಲ್ಲಿನಲ್ಲಿ ಅರೆದು, ಎಂಜಿನ್ನಿನ ನೆತ್ತಿಯಿಂದ ತಳದವರೆಗೆ ಉದುರಿಸಿದೆವು.

ಎರಡನೇ ಗೇರಿನಲ್ಲೇ ಇಪ್ಪತ್ತೇಳು ತಿರುವು ಇಳಿದೆವು. ಘಾಟಿಯ ಬುಡದ ಬಣ್ಣಾರಿಯಲ್ಲಿ ಬಿಸಿಲು ಆಗಲೇ ಸುಡುತ್ತಿತ್ತು. ಬಾನೆಟ್ ಎತ್ತಿದೆ. ಸಿದ್ದರಾಜು ಬಿಚ್ಚಿದ್ದ ತಳವೆಲ್ಲ ಒದ್ದೆ, ವಿಭೂತಿ ಕೆಸರಾಗಿತ್ತು. ಆ ಒದ್ದೆಯನ್ನೇ ಹಿಡಿದು ಕಣ್ಣನ್ನು ಮೇಲಕ್ಕೆ ಒಯ್ದೆ. ನೆತ್ತಿ ಒಣಗಿ ಬೆಳ್ಳಗಿತ್ತು. ನಡುವೆ, ಬಸವನಹುಳುವಿನ ಚಿಪ್ಪಿನ ಹಾಗಿರುವ ಕಬ್ಬಿಣದ ಗುಬಟಿನ ಕೆಳಗಿಂದ ಬೆರಳಗಲದ ಕಪ್ಪು ಗೆರೆ ಹೊರಟಿತ್ತು. ಅದೇ ಟರ್ಬೊ, ಎಂಜಿನ್ನಿಗೆ ಗಾಳಿ ಊದುವ ಯಂತ್ರ. ಆರು ತಿಂಗಳು ಹುಡುಕಿದ್ದು ಸಿಕ್ಕಿತು ಅಂತ ಒಂದು ಗಳಿಗೆ ಜೀವ ಹಗುರಾಯಿತು.

ಸತ್ಯಮಂಗಲದಲ್ಲಿ ಮೊದಲು ಡಾಕ್ಟರ ಹತ್ತಿರ ಹೋದೆವು. ಎರಡು ವರ್ಷದಿಂದ ಕಾದದ್ದು ಅವತ್ತು ಆಯಿತು. ಅವರು ಕಾಲು ಹಿಡಿದು ತಳ್ಳಿಸುವಾಗ ಮಂಗಳಮ್ಮನ ಬಲಗಾಲಿನ ಹೆಬ್ಬೆರಳು ಅಲ್ಲಾಡಿತು. ನಾನು ಕಂಡೆ, ನರ್ಸಮ್ಮನೂ ಕಂಡರು. “ಇನ್ಮೇಲೆ ಹದಿನೈದು ದಿವಸ ಬೇಡ, ವಾರಕ್ಕೆ ಎರಡು ಸಲ ಕರೆದುಕೊಂಡು ಬನ್ನಿ. ಈಗ ಬಿಟ್ಟರೆ ಕಾಲು ಮತ್ತೆ ಮಲಗಿಬಿಡುತ್ತೆ” ಅಂದರು ಡಾಕ್ಟರು. ಕಾರಿಗೆ ಎತ್ತಿ ಮಲಗಿಸುವಾಗ ಅವಳು ನನ್ನ ಕಿವಿಯಲ್ಲಿ, “ಮನೇಲಿ ನಾಯಿ ಬೆದ್ರಸೋಕಾದ್ರೂ ಆಗ್ಬೋದು ಈ ಕಾಲು” ಅಂದಳು. ಅಷ್ಟು ಸಂತೋಷದ ಮಾತು ಅವಳ ಬಾಯಲ್ಲಿ ಎರಡು ವರ್ಷದಿಂದ ಕೇಳಿರಲಿಲ್ಲ.

ಮುರುಗೇಶಣ್ಣನ ಶೆಡ್ಡು ಊರಾಚೆ, ಬೇವಿನ ಮರದ ಕೆಳಗೆ. ನೆರಳಿಗೆ ನಿಲ್ಲಿಸಿ, ಯಾವತ್ತಿನಂತೆ ಕೀ ತಿರುಗಿಸಿದೆ. ಅವರು ಸ್ಪಾನರ್ ಹಿಡಿದೇ ಬಂದರು. ಅರ್ಧ ತಮಿಳು, ಅರ್ಧ ಕನ್ನಡ.

“ಯಾಕಣ್ಣಾ ಬಂದ ಉಡನೆ ಆಫ್ ಮಾಡ್ದೆ? ಟರ್ಬೊ ಗಾಡಿ ಅಲ್ವಾ?”

ನನಗೆ ಅರ್ಥವಾಗಲಿಲ್ಲ. ಅವರು ಬಾನೆಟ್ ಎತ್ತಿ ವಿಭೂತಿ ನೋಡಿ ಒಂದು ಸಲ ಕೈಮುಗಿದರು, ಆಮೇಲೆ ಗಾಳಿಯ ಪೈಪು ಬಿಚ್ಚಿದರು. ಒಳಗಿಂದ ಲೋಟದಷ್ಟು ಎಣ್ಣೆ ನೆಲಕ್ಕೆ ಸುರಿಯಿತು. ಬೆರಳು ತೂರಿಸಿ ಒಳಗಿನ ಸಣ್ಣ ಫ್ಯಾನನ್ನು ಅಲ್ಲಾಡಿಸಿದರು. ಅದು ಅಲುಗುವ ಹಲ್ಲಿನ ಹಾಗೆ ಆಚೆ ಈಚೆ ಆಡಿತು. ಎಂಜಿನ್ ಓಡಿಸಲು ಹೇಳಿ, ಎಣ್ಣೆ ಹಾಕುವ ಮುಚ್ಚಳವನ್ನು ಬಿಚ್ಚಿ ಆ ತೂತಿನ ಮೇಲೇ ಬೋರಲಾಗಿ ಇಟ್ಟರು. ಒಳಗಿನ ಹೊಗೆ ಒತ್ತಿ ಮುಚ್ಚಳ ಕುಣಿದು ಕುಣಿದು ಕೆಳಕ್ಕೆ ಬಿತ್ತು. ಅವರು ಅದನ್ನು ಎತ್ತಿಕೊಳ್ಳಲೂ ಇಲ್ಲ.

“ಟರ್ಬೊ ಹೋಯ್ತು. ಎಂಜಿನ್ನೂ ಸವೆದು ಹೋಯ್ತು, ಅದಕ್ಕೇ ಹೊಗೆ ಮುಚ್ಚಳ ತಳ್ತದೆ. ಹೊಸ ಟರ್ಬೊ ಹಾಕಿದ್ರೂ ಈ ಎಂಜಿನ್ ಅದನ್ನ ಮೂರು ತಿಂಗಳು ಇಡಲ್ಲ. ಮಲೆ ಹತ್ತಿಸ್ಬೇಡ. ಟರ್ಬೊ ಎಣ್ಣೆ ಕುಡಿಸೋಕೆ ಶುರು ಮಾಡಿದ್ರೆ ಎಂಜಿನ್ ಆ ಎಣ್ಣೇಲೇ ಓಡ್ತದೆ, ಕೀ ತೆಗೆದ್ರೂ ನಿಲ್ಲಲ್ಲ. ತಿರುವಲ್ಲಿ ಹಾಗಾದ್ರೆ ಏನ್ ಮಾಡ್ತೀಯಾ?”

“ಯಾಕೆ ಹಿಂಗಾಯ್ತು?” ಅಂದೆ.

“ಘಾಟಿ ಹತ್ತಿ ನಿಂತಾಗ ಇದು ಕೆಂಡ ಇರ್ತದೆ ಅಣ್ಣಾ. ಎರಡು ನಿಮಿಷ ಎಂಜಿನ್ ಓಡ್ತಿದ್ರೆ ಎಣ್ಣೆ ಹರಿದು ತಣ್ಣಗೆ ಮಾಡ್ತದೆ. ಹತ್ತಿದ ಉಡನೆ ಆಫ್ ಮಾಡಿದ್ರೆ ಎಣ್ಣೆ ನಿಲ್ತು, ಒಳಗೇ ಸುಟ್ಟು ಕರಿ ಕಟ್ತು. ಪ್ರತಿ ಸಲ ಹಾಗೇ ಮಾಡಿರ್ತೀಯಾ. ನಿನ್ನ ಕೈಯಿಂದಾನೇ ಕೊಂದೆ.”

ಗಾಳಿಗೆಂದು ಕಾರಿನ ಬಾಗಿಲು ತೆರೆದೇ ಇತ್ತು. ಒಳಗಿಂದ ಮಂಗಳಮ್ಮ ಅಂದಳು.

“ಅವ್ರನ್ನ ಬಯ್ಬ್ಯಾಡಿ ಕಣಣ್ಣ. ನನ್ ನಡ ನೋಯ್ತದ ಅಂತ ಆಫ್ ಮಾಡ್ತಿದ್ರು.”

ಮುರುಗೇಶಣ್ಣ ಬಗ್ಗಿ ಒಳಗೆ ನೋಡಿದರು. ಹಲಗೆ ಕಂಡಿತು, ಹಾಸಿಗೆ ಕಂಡಿತು. ಸ್ಪಾನರನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟು, “ತಪ್ಪಾಯ್ತು ಅಕ್ಕಾ” ಅಂದರು. ಆಮೇಲೆ ನಮಗೆ ಊಟ ತರಿಸಿದರು. ಇನ್ನೊಂದು ಕಾರು ಮಾಡುವ ಶಕ್ತಿ ನನಗಿಲ್ಲ ಅನ್ನುವುದು ಅವಳಿಗೂ ಗೊತ್ತಿತ್ತು.

ನಮ್ಮನ್ನು ಮಲೆಗೆ ಕಳಿಸಿದ್ದೂ ಅವರೇ. ಕೋಸು ಇಳಿಸಿ ತಾಳವಾಡಿಗೆ ಖಾಲಿ ಹೋಗುತ್ತಿದ್ದ ವ್ಯಾನೊಂದನ್ನು ತಡೆದು ನಿಲ್ಲಿಸಿದರು. ಗೋಣಿಚೀಲ ಹಾಸಿ, ಮೇಲೆ ನಮ್ಮ ಹಾಸಿಗೆ ಹಾಕಿ, ನಾಲ್ವರು ಸೇರಿ ಅವಳನ್ನು ಎತ್ತಿ ಮಲಗಿಸಿದರು. ಮೂರೂವರೆಗೆ ಹೊರಟೆವು. ತಲೆ ಮುಂದಕ್ಕೆ, ಕಾಲು ಹಿಂದಕ್ಕೆ ಮಲಗಿದ್ದರಿಂದ ಹಿಂದಿನ ರಸ್ತೆಯೆಲ್ಲ ಅವಳಿಗೆ ಕಾಣುತ್ತಿತ್ತು. ಬೇವಿನ ಮರದ ಕೆಳಗೆ ಕಾರು ಬಾಯಿ ತೆರೆದು ನಿಂತಿತ್ತು, ಮೈಮೇಲೆ ವಿಭೂತಿ. “ಬಾನೆಟ್ ಮುಚ್ಚಿ ಬರ್ಬೇಕಾಗಿತ್ತು” ಅಂದಳು.

ಘಾಟಿಯಲ್ಲಿ ಪ್ರತಿ ತಿರುವಿಗೂ ನಾನು ಅವಳ ಭುಜ ಒತ್ತಿ ಹಿಡಿದೆ. ಐದು ಗಂಟೆಯ ಹೊತ್ತಿಗೆ ದಿಂಬಂ ಬಂತು. ವ್ಯಾನಿನ ಹುಡುಗ ಚಾ ಕುಡಿಯಲು ನಿಲ್ಲಿಸಿ ಕೀಗೆ ಕೈಹಾಕಿದ. ಕ್ಯಾಬಿನ್ನಿನ ಹಿಂದಿನ ಕಿಂಡಿಗೆ ಕೇಳುವಂತೆ ಮಂಗಳಮ್ಮ ಕೂಗಿದಳು.

“ಆಫ್ ಮಾಡ್ಬ್ಯಾಡ ಕಣಪ್ಪ. ಒಸಿ ಒತ್ತು ಓಡ್ಲಿ.”

“ಅಕ್ಕ, ನಿಮ್ಗೆ ಅದುರ್ತದಲ್ಲ?”

“ಅದುರ್ಲಿ ಬುಡು.”

ವ್ಯಾನಿನ ತಳ ಅದುರಿತು. ಅವಳು ಹಲ್ಲು ಕಚ್ಚಿ, ನನ್ನ ಮಣಿಕಟ್ಟು ಹಿಡಿದು, ಕಣ್ಣು ಮುಚ್ಚಿಕೊಂಡಿದ್ದಳು. ಎರಡು ನಿಮಿಷ ಎಷ್ಟು ಉದ್ದ ಅನ್ನುವುದು ನನಗೆ ಅವತ್ತು ಗೊತ್ತಾಯಿತು. ಹುಡುಗ ಕೀ ತಿರುಗಿಸಿದ ಮೇಲೂ ಅವಳು ಯಾವತ್ತಿನ ಆ ಉಸಿರು ಬಿಡಲಿಲ್ಲ.

ಮಾರನೆಯ ಬೆಳಿಗ್ಗೆ ಅಂಗಳಕ್ಕೆ ಬಂದೆ. ರಟ್ಟು ಹಾಸಿದಲ್ಲೇ ಇತ್ತು. ಒಳಗಿನ ಮಂಚದಿಂದ ಅಭ್ಯಾಸಬಲದಲ್ಲಿ ಅವಳ ದನಿ ಬಂತು.

“ಇವತ್ತು ಏಸು ತೊಟ್ಟು ಬಿದ್ದದ?”

ಆರು ತಿಂಗಳಿಂದ ಹೇಳಬೇಕೆಂದು ಕಾದಿದ್ದ ಮಾತನ್ನು ಹೇಳಿದೆ. “ಒಂದೂ ಇಲ್ಲ.”

ನಾನು ರಟ್ಟನ್ನು ಎತ್ತಿ ಮಡಚಿದೆ, ಎಲ್ಲಿಡಬೇಕೆಂದು ತೋಚದೆ ಕೈಯಲ್ಲೇ ಹಿಡಿದು ನಿಂತೆ.