ಎಳೆದರೆ ಹಿಗ್ಗುವ ಬದಿ

ಹಳೆಯ ಬ್ಯಾಗು ಎಸೆಯಲು ತೆಗೆದಾಗ ತಳದಲ್ಲಿ ಅಂಗೈಯಗಲದ ಬಿಳಿ ಜಾಲರಿ ಸಿಕ್ಕಿತು. ಹರ್ನಿಯಾ ಆಪರೇಷನ್ನಿನಲ್ಲಿ ಹೊಟ್ಟೆಯೊಳಗೆ ಇಟ್ಟು ಹೊಲಿಯುವ ಮೆಶ್‌ನ ಸ್ಯಾಂಪಲ್. ಭಟ್ಕಳದಿಂದ ಕುಮಟೆಯವರೆಗೆ ಆಸ್ಪತ್ರೆ ಆಸ್ಪತ್ರೆ ತಿರುಗಿ ಅದನ್ನು ಮಾರುತ್ತಿದ್ದೆ. ಮುಟ್ಟಿದ್ದೇ ತಡ, ನಮ್ಮೂರು ತೆಂಗಿನಗುಂಡಿಯ ಪಕ್ಕದ ಮನೆಯ ಮಾವ ನೆನಪಾದರು...

ಮಾವನದು ಮೀನುಬಲೆ ರಿಪೇರಿಯ ಕೆಲಸ. ಹರಿದ ಬಲೆಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಕೂತರೆ ಊಟಕ್ಕೆ ಕರೆದರೂ ಏಳುವ ಆಸಾಮಿಯಲ್ಲ. ಹೊಕ್ಕುಳ ಮೇಲೆ ಹರ್ನಿಯಾ ಎದ್ದಾಗ ಹೊನ್ನಾವರದ ಆಸ್ಪತ್ರೆಗೆ ಕರೆದೊಯ್ದವನು ನಾನೇ. ಮೆಶ್ ಕೂಡ ನನ್ನ ಕಂಪನಿಯದೇ. ಆಪರೇಷನ್ನಿನ ಹಿಂದಿನ ದಿನ, ಧೈರ್ಯ ಬರಲೆಂದು ಈ ಸ್ಯಾಂಪಲ್ ಅವರ ಕೈಗಿಟ್ಟೆ. ಉದ್ದಕ್ಕೆ ಎಳೆದರು, ಅಡ್ಡಕ್ಕೆ ಎಳೆದರು, ಬೆಳಕಿಗೆ ಹಿಡಿದು ಹೆಣಿಗೆ ನೋಡಿದರು.

"ತಮಾ, ಇದು ಒಂದು ಬದಿಗೆ ಹಿಗ್ತದೆ, ಇನ್ನೊಂದು ಬದಿಗೆ ಇಲ್ಲ. ಬಲೆಗೆ ತೇಪೆ ಹಾಕೂದಾದ್ರೂ ಕಣ್ಣು ಎತ್ಲಾಗೆ ಎಳೀತದೆ ನೋಡ್ಕಂಡೇ ಹಾಕೂದು. ಇಲ್ದಿದ್ರೆ ತೇಪೆ ಗಟ್ಟಿ ಇರ್ತದೆ, ಅಂಚು ಹರೀತದೆ. ಡಾಕ್ಟರಿಗೆ ಹೇಳು."

"ಇದೆಂತ ಬಂಗಡೆ ಬಲೆಯಾ ಮಾವ?" ಎಂದು ನಕ್ಕೆ. ಟೈ ಕಟ್ಟಿಕೊಂಡು ತಿರುಗುವ ನನಗೆ ಇವರಿಂದ ಪಾಠವೇ ಅನ್ನುವ ಜಂಬ.

ಮರುದಿನ ಆಪರೇಷನ್ನಿಗೆ ಮೊದಲು ಡಾಕ್ಟರೇ ಕೇಳಿದರು, ಈ ಮೆಶ್ ಇಡಲು ಇಂಥದೇ ದಿಕ್ಕು ಅಂತ ಇದೆಯಾ ಎಂದು. ಪೊಟ್ಟಣದೊಳಗಿನ ಚೀಟಿಯನ್ನು ನಾನು ಒಮ್ಮೆಯೂ ಓದಿರಲಿಲ್ಲ. ಗೊತ್ತಿಲ್ಲ ಅನ್ನಲು ನಾಲಿಗೆ ಏಳಲಿಲ್ಲ. "ಹೇಗಿಟ್ಟರೂ ನಡೆಯುತ್ತದೆ ಸರ್" ಅಂದುಬಿಟ್ಟೆ.

ವರ್ಷ ತುಂಬುವುದರೊಳಗೆ ಮೆಶ್‌ನ ಅಂಚಿನಲ್ಲೇ ಹರ್ನಿಯಾ ಮತ್ತೆ ಎದ್ದಿತು. ಆಮೇಲೆ ಕಂಪನಿಯ ತರಬೇತಿಯಲ್ಲಿ ಹೇಳಿಕೊಟ್ಟರು: ನೂಲು ಹೆಣೆದ ರೀತಿಯಿಂದಾಗಿ ಆ ಮೆಶ್ ಒಂದು ದಿಕ್ಕಿಗೆ ಬಿಗಿ, ಇನ್ನೊಂದಕ್ಕೆ ಸಡಿಲ, ಹೊಟ್ಟೆ ಹೆಚ್ಚು ಹಿಗ್ಗುವ ದಿಕ್ಕಿಗೆ ಸಡಿಲ ಬದಿ ಬರಬೇಕು. ಮರುಕಳಿಸಲು ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ಕೇಳಿದವರಿಗೆ ಸುಳ್ಳು ಹೇಳಿದವನು ನಾನು. ಆ ದಿನ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮಾವ ಇನ್ನೊಂದು ಆಪರೇಷನ್‌ಗೆ ಒಪ್ಪಲಿಲ್ಲ. ಹೊಟ್ಟೆಗೆ ಪಟ್ಟಿ ಕಟ್ಟಿಕೊಂಡರು. ಬಗ್ಗಿ ಕೂರಲಾಗದೆ ಬಲೆಯ ಕೆಲಸವನ್ನೇ ಬಿಟ್ಟರು. ಹೇಳಿಬಿಡೋಣವೆಂದು ಎಷ್ಟೋ ಸಲ ಅವರ ಜಗಲಿಗೆ ಹೋದೆ. ಚಾ ಕುಡಿದೆ, ವಾಪಸು ಬಂದೆ...

ಕಳೆದ ಮಳೆಗಾಲದಲ್ಲಿ ಮಾವ ತೀರಿಕೊಂಡರು. ಈ ಜಾಲರಿ ಸಿಕ್ಕಿದ ಮೇಲೆ, ನಿನ್ನೆ, ಮಾವನ ಹೆಂಡತಿ ಅತ್ತೆಯ ಎದುರು ಕೂತು ಎಲ್ಲ ಹೇಳಿದೆ. ಅವರು ಬೈಯಲಿಲ್ಲ.

"ನೀ ಬಂದಾಗೆಲ್ಲ ಅವ್ರು ನನ್ನ ಒಳಗೆ ಕಳಿಸ್ತಿದ್ರು ತಮಾ. 'ಚಾ ಮಾಡು, ಬೇಗ ಬರ್ಬೇಡ. ಅವ ಎಂತದೋ ಹೇಳೂಕೆ ಬಂದಾನೆ' ಅಂತ."

ಮಾವ ಅಷ್ಟು ಸಲ ಕಾದಿದ್ದರು. ಈಗ ಹೇಳಿದ್ದೇನೆ, ಕೇಳಬೇಕಾದವರು ಇಲ್ಲ.